ಆಯುಧಪೂಜೆಯ ದಿನ ಕಂಪ್ಯೂಟರಿನ ಅಭ್ಯಂಜನ

ಜಾಗ ಸಾಲದು ಎನ್ನುವ ಮಾತನ್ನು ನಾನು ಯಾರ ಬಾಯಲ್ಲಿ ಕೇಳಿದರೂ ನಂಬುವುದಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ಕಂಡಕ್ಟರು ಕೂಗಿದ ಮೇಲೆ ಒಂದು ಇಡೀ ಮದುವೆ ದಿಬ್ಬಣ ಹತ್ತಿದ್ದನ್ನು ನೋಡಿದ್ದೇನೆ. ಹೊಟ್ಟೆಯಲ್ಲಿ ಜಾಗವಿಲ್ಲ ಎಂದು ಎಲೆಗೆ ಅಡ್ಡ ಹಿಡಿದ ಕೈ, ಹೋಳಿಗೆಯ ತಟ್ಟೆ ಹತ್ತಿರ ಬಂದಂತೆಲ್ಲ ಮೆಲ್ಲಗೆ ಪಕ್ಕಕ್ಕೆ ಸರಿಯುವುದನ್ನೂ ನೋಡಿದ್ದೇನೆ. ಮನೆಯ ಅಟ್ಟದಲ್ಲಿ ಇನ್ನು ಒಂದು ಸೂಜಿಯೂ ಹಿಡಿಸುವುದಿಲ್ಲ ಎಂದು ನನ್ನ ಹೆಂಡತಿ ಮದುವೆಯಾದ ಮರುವರ್ಷವೇ ಘೋಷಿಸಿದಳು. ಆಮೇಲೆ ನಾನು ಅದೇ ಅಟ್ಟಕ್ಕೆ ಎರಡು ಹಳೆಯ ಫ್ಯಾನು, ಒಂದು ಹೊಲಿಗೆ ಯಂತ್ರದ ಕಾಲು ಮತ್ತು ಯಾರೋ ಅಗ್ಗಕ್ಕೆ ಕೊಟ್ಟ ಸಿನಿಮಾ ಟೆಂಟಿನ ಕುರ್ಚಿಗಳನ್ನು ಸೇರಿಸಿದ್ದೇನೆ. ಹೀಗಾಗಿ ನಮ್ಮ ಆಫೀಸಿನ ಕಂಪ್ಯೂಟರು ಒಂದು ದಿನ ಜಾಗ ಸಾಲದು ಎಂದಾಗ, ಇದೂ ಅದೇ ಜಾತಿಯ ಬಿನ್ನಾಣ ಎಂದುಕೊಂಡೆ. ನಿಮಗೆ ನನ್ನ ಸಲಹೆ ಏನೆಂದರೆ, ಈ ಮಾತನ್ನು ಮನುಷ್ಯರು ಹೇಳಿದರೆ ಇನ್ನೊಂದು ಸಲ ಕೇಳಿ ನೋಡಿ. ಯಂತ್ರ ಹೇಳಿದರೆ ಮೊದಲ ಸಲಕ್ಕೇ ಏಳಿ. ಯಂತ್ರಕ್ಕೆ ಹೋಳಿಗೆಯ ಆಸೆ ತೋರಿಸಲು ಬರುವುದಿಲ್ಲ.

ನಾನಾಗ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮ್ಯಾನೇಜರಾಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮ್ಯಾನೇಜರು ಎಂದರೆ ಓದಿ ಆದವನೆಂದು ತಿಳಿಯಬೇಡಿ. ಶೇಂಗಾ ಚೀಲದ ಬಾಯಿ ಹೊಲಿಯುವುದರಿಂದ ಶುರುಮಾಡಿ, ತೂಕಕ್ಕೆ ನಿಂತು, ಖರೀದಿಗೆ ಹೋಗಿ, ಕೊನೆಗೆ ಕುರ್ಚಿ ಹಿಡಿದವನು. ನಮ್ಮ ಸಾಹುಕಾರರಿಗೆ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ಅಲ್ಲಿ ನೇಕಾರರಿಗೆ ನೂಲು ಕೊಟ್ಟು ಸೀರೆ ತರಿಸಿಕೊಳ್ಳುವ ಒಂದು ಆಫೀಸಿತ್ತು. ಇಲ್ಲಿ ಕೂತು ಅಲ್ಲಿ ಎಷ್ಟು ಸೀರೆ ಬಂದಿದೆ ಎಂದು ಕಣ್ಣಾರೆ ಕಾಣಬೇಕು ಎನ್ನುವುದು ಸಾಹುಕಾರರ ಒಂದೇ ಆಸೆಯಾಗಿತ್ತು. ಟೆಲಿಫೋನಿನಲ್ಲಿ ಕೇಳಿದರೆ ಸೀರೆಯ ಲೆಕ್ಕದ ಬದಲು ಮಳೆಯ ಸಮಾಚಾರ ಬರುತ್ತದೆ ಎನ್ನುವುದು ಅವರ ದೂರು.

ಆಗ ಬೆಂಗಳೂರಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಕಂಪನಿ ತನ್ನ ಕಂಪ್ಯೂಟರನ್ನು ಮಾರುತ್ತಿದೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಹೋಗಿ ನೋಡಿದರೆ ಕರಿಯ ಬೀರುವಿನಂಥ ಒಂದು ಪೆಟ್ಟಿಗೆ. ದಲ್ಲಾಳಿ ಅದನ್ನು ಮಿಡ್‌ರೇಂಜ್ ಕಂಪ್ಯೂಟರ್ ಎಂದ. ಹಾಗೆಂದರೇನು ಎಂದೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದೂ ಅಲ್ಲ, ಬ್ಯಾಂಕಿನವರಂತೆ ಇಡೀ ಕೋಣೆ ತುಂಬುವಷ್ಟು ದೊಡ್ಡದೂ ಅಲ್ಲ, ನಡುವಿನದು ಎಂದ. ನಡುವಿನದಾದರೆ ಬೆಲೆಯೂ ನಡುವಿನದೇ ಆಗಬೇಕಲ್ಲ ಎಂದು ಅಲ್ಲಿಂದಲೇ ಹಿಡಿದೆ. ನನಗೆ ಕಂಪ್ಯೂಟರಿನ ತಲೆ ಯಾವುದು ಬಾಲ ಯಾವುದು ಗೊತ್ತಿರಲಿಲ್ಲ. ಆದರೆ ಎತ್ತಿನ ಸಂತೆಯಲ್ಲಿ ಬೆಳೆದ ಮನುಷ್ಯ. ಗೊತ್ತಿಲ್ಲದ್ದನ್ನು ಮುಖದಲ್ಲಿ ತೋರಿಸಬಾರದು ಎನ್ನುವುದು ಗೊತ್ತಿತ್ತು. ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದೆ. ಬೆನ್ನು ತಟ್ಟಿದೆ. ಬಗ್ಗಿ ಕಿವಿಯಿಟ್ಟು ಕೇಳಿ, ತಲೆ ಅಲ್ಲಾಡಿಸಿ, ‘ಉಸಿರು ಯಾಕೋ ಸಣ್ಣಗೆ ಎಳೀತೈತಲ್ರಿ’ ಎಂದೆ. ದಲ್ಲಾಳಿ ಗಾಬರಿಯಾಗಿ ಬೆಲೆ ಇಳಿಸಿದ. ಅದು ಫ್ಯಾನಿನ ಸದ್ದು ಎಂದು ನನಗೆ ಆಮೇಲೆ ತಿಳಿಯಿತು. ಅದರ ಜೊತೆಗೆ ಐದಾರು ಹಸಿರು ಅಕ್ಷರದ ಪರದೆಗಳು, ಪ್ರಿಂಟರು, ಟೇಪುಗಳು, ಕೂರುವ ಕುರ್ಚಿ, ಕೊನೆಗೆ ಆ ಕೋಣೆಯ ಕಿಟಕಿಗೆ ಹಾಕಿದ್ದ ಪರದೆ ಬಟ್ಟೆಯನ್ನೂ ಕಟ್ಟಿಸಿಕೊಂಡು ಶೇಂಗಾ ಲಾರಿಯಲ್ಲಿ ಚಳ್ಳಕೆರೆಗೆ ಬಂದೆ.

ಅದನ್ನು ನೋಡಿಕೊಳ್ಳಲು ಬಂದವಳು ನನ್ನಿವಾಳದ ಸುಜಾತ. ದಾವಣಗೆರೆಯಲ್ಲಿ ಕಂಪ್ಯೂಟರು ಓದಿದ ಹುಡುಗಿ. ಪರದೆಗಳಲ್ಲಿ ಒಂದನ್ನು ಮೊಳಕಾಲ್ಮೂರಿನ ಆಫೀಸಿನಲ್ಲಿ ಕೂರಿಸಿ, ಬೇರೆಯೇ ಒಂದು ಟೆಲಿಫೋನ್ ತಂತಿಯಲ್ಲಿ ಯಂತ್ರಕ್ಕೆ ಸೇರಿಸಿದವಳೂ ಅವಳೇ. ಬಂದ ಮೊದಲ ದಿನವೇ ನನ್ನನ್ನು ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಬಾರದು ಎಂದಳು. ಧೂಳಿಗಾಗಿ ಹೇಳಿದ್ದು. ಆದರೆ ಸಾಹುಕಾರರ ತಾಯಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಅದನ್ನು ಕೇಳಿ ಆ ಕೋಣೆಯ ಹೊಸ್ತಿಲಿಗೆ ರಂಗೋಲಿ ಬಿಡಿಸಲು ಹೇಳಿದರು. ಅಂದಿನಿಂದ ಅದು ನಮಗೆಲ್ಲ ಅರ್ಧ ಆಫೀಸು, ಅರ್ಧ ಗರ್ಭಗುಡಿ. ಒಳಗೆ ಆ ಕರಿಯ ಪೆಟ್ಟಿಗೆ ಯಾರ ತಂಟೆಗೂ ಹೋಗದೆ ಗುಂಯ್ ಎನ್ನುತ್ತಾ ನಿಂತಿರುತ್ತಿತ್ತು. ಹಮಾಲಿಗಳ ಕೂಗು, ಲಾರಿಯ ಹೊಗೆ, ಹಿಂಡಿಯ ವಾಸನೆ ಎಲ್ಲದರ ನಡುವೆ ಅದೊಂದೇ ನಮ್ಮ ಮಿಲ್ಲಿನಲ್ಲಿ ಸಮಾಧಾನವಂತ ಜೀವ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿತೆಂದರೆ ನಗಬೇಡಿ. ನಾವು ಚೌಕಾಸಿ ಮಾಡಿ ತಂದ ವಸ್ತು ಹೆತ್ತ ಮಗುವಿಗಿಂತ ಒಂದೇ ಒಂದು ಮೆಟ್ಟಿಲು ಕೆಳಗೆ.

ದಿನ ಬೆಳಿಗ್ಗೆ ನಾನು ಹೊಸ್ತಿಲ ಹೊರಗೆ ನಿಂತು, ‘ಎಷ್ಟು ತುಂಬೈತವ್ವಾ ಇವತ್ತು?’ ಎಂದು ಕೇಳುವುದು ಪದ್ಧತಿ. ಅದರ ಹೊಟ್ಟೆಯಲ್ಲಿರುವ ಡಿಸ್ಕುಗಳಲ್ಲಿ ನೂರಕ್ಕೆ ಎಷ್ಟು ಭಾಗ ತುಂಬಿದೆ ಎಂದು ಸುಜಾತ ಪರದೆ ನೋಡಿ ಹೇಳುವಳು. ನನ್ನ ಲೆಕ್ಕಕ್ಕೆ ಅದು ಗೋಡೌನು. ಶುರುವಿನಲ್ಲಿ ‘ಅರ್ಧ ಸಾರ್’ ಎನ್ನುತ್ತಿದ್ದಳು. ಆಮೇಲೆ ‘ಮುಕ್ಕಾಲು ಸಾರ್’ ಆಯಿತು. ಆ ವರ್ಷ ದಸರಾ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವಳು ಪರದೆಯನ್ನೇ ನನ್ನ ಕಡೆಗೆ ತಿರುಗಿಸಿದಳು. ತೊಂಬತ್ತು ದಾಟಿತ್ತು. ‘ಇನ್ನೂ ಹತ್ತು ಭಾಗ ಐತಲ್ಲವ್ವಾ’ ಎಂದೆ. ‘ಗೋಡೌನ್ ಬಾಗಿಲ ತನಕ ಚೀಲ ಒಟ್ಟಿದ್ರೆ ಹಮಾಲಿ ಎಲ್ಲಿ ನಿಂತ್ಕಂತಾನೆ ಸಾರ್? ಇದಕ್ಕೂ ಓಡಾಡಾಕೆ ಜಾಗ ಬೇಕು. ಪೂರ್ತಿ ತುಂಬಿದ್ರೆ ನಿಂತೇ ಬಿಡ್ತೈತೆ’ ಎಂದಳು. ನನ್ನ ಭಾಷೆಯಲ್ಲಿಯೇ ನನಗೆ ಹೇಳಿದ್ದರಿಂದ ಅರ್ಥವಾಗಲಿಲ್ಲ ಎಂದು ನಟಿಸಲೂ ಆಗಲಿಲ್ಲ.

ಬೇಡದ್ದನ್ನು ಅಳಿಸಿ ಹಾಕೋಣ ಎಂದು ಹೊರಟೆವು. ಪ್ರಿಂಟು ಹಾಕಿದ ಹಳೆಯ ಪಟ್ಟಿಗಳೆಲ್ಲ ಒಳಗೇ ಉಳಿದು ಜಾಗ ತಿನ್ನುತ್ತವೆಯಂತೆ. ಒಬ್ಬೊಬ್ಬರನ್ನೇ ಕರೆದು ನಿಮ್ಮ ಹಳೆಯದನ್ನು ತೆಗೆಯಲೇ ಎಂದು ಕೇಳಿದರೆ, ಮನೆಯೊಳಗಿನ ಚಿನ್ನ ಕೇಳಿದಂತೆ ಮುಖ ಮಾಡಿದರು. ತೂಕದ ಗುಮಾಸ್ತರು ಎರಡು ಹಂಗಾಮಿನ ಹಿಂದಿನ ಶೇಂಗಾ ತೂಕ ಬೇಕೇ ಬೇಕು ಎಂದರು. ಯಾಕೆ ಎಂದರೆ, ‘ಇರ್ಲಿ ಬಿಡ್ರಿ, ಯಾವನಾರ ಕೇಳಿದ್ರೆ?’ ಎಂದರು. ಆ ಶೇಂಗಾ ಎಣ್ಣೆಯಾಗಿ, ಎಣ್ಣೆ ಬೋಂಡವಾಗಿ, ಬೋಂಡ ಯಾರದೋ ಹೊಟ್ಟೆ ಸೇರಿ ಎಷ್ಟು ಕಾಲವಾಗಿತ್ತೋ! ನಾನು ನಕ್ಕೆ. ಆಗ ಸುಜಾತ ನನ್ನ ಹೆಸರಿನಲ್ಲಿರುವ ಪಟ್ಟಿಗಳನ್ನು ತೋರಿಸಿದಳು. ಆರು ಪರದೆ ತಿರುವಿದರೂ ಮುಗಿಯಲಿಲ್ಲ. ‘ಅವು ಇರ್ಲವ್ವಾ, ಯಾವನಾರ ಕೇಳಿದ್ರೆ?’ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಅರ್ಧ ತೆಗೆಸಿದೆ.

ಇಷ್ಟರಲ್ಲಿ ಇನ್ನೊಂದು ರೋಗ ಕಾಣಿಸಿಕೊಂಡಿತು. ಸಾಹುಕಾರರು ಮೊಳಕಾಲ್ಮೂರಿನ ಸೀರೆಯ ಪಟ್ಟಿ ನೋಡಲು ಕೂತಿದ್ದರು. ಪಟ್ಟಿ ನಡುವೆ ನಿಂತುಬಿಟ್ಟಿತು. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬಂತು. ಸುಜಾತ ಓದಿ, ಒಳಗಿರುವ ಯಾವುದೋ ವಸ್ತು ಕೆಟ್ಟಿದೆ ಎಂದಳು. ಆ ಯಂತ್ರದೊಳಗೆ ಪಟ್ಟಿಯೂ ವಸ್ತುವೇ, ಪ್ರೋಗ್ರಾಮೂ ವಸ್ತುವೇ, ನಮ್ಮ ಹೆಸರುಗಳೂ ವಸ್ತುವೇ. ಕೆಲಸ ನಡೆಯುವಾಗ ಕರೆಂಟು ಹೋದರೆ ಅವುಗಳಲ್ಲಿ ಒಂದೊಂದು ಹೀಗೆ ಮುರಿಯುವುದುಂಟಂತೆ. ನಮ್ಮೂರಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಕರೆಂಟು ಹೋದಾಗ ಕಾಪಾಡಲು ಬ್ಯಾಟರಿಗಳಿದ್ದವು. ಆ ಬ್ಯಾಟರಿಗಳನ್ನು ಯಾರು ಎಷ್ಟು ಅಗ್ಗಕ್ಕೆ ತಂದರು ಎನ್ನುವ ವಿಷಯಕ್ಕೆ ನಾನು ಇಲ್ಲಿ ಹೋಗುವುದಿಲ್ಲ.

‘ಎಷ್ಟು ಕೆಟ್ಟೈತೆ?’ ಎಂದರು ಸಾಹುಕಾರರು.

‘ಪೂರ್ತಿ ಹುಡುಕಿದ್ರೇ ಗೊತ್ತಾಗಾದು ಸಾರ್. ಶೇಂಗಾ ಬೀಜ ಹಸನು ಮಾಡಿದಂಗೆ, ಒಂದೊಂದೇ ನೋಡ್ಬೇಕು. ಯಂತ್ರ ತಾನೇ ನೋಡ್ಕಂತೈತೆ. ಕೆಟ್ಟಿದ್ದನ್ನ ಬ್ಯಾರೆ ಇಟ್ಟು, ದಿಕ್ಕುತಪ್ಪಿ ಬಿದ್ದಿರೋ ಜಾಗಾನೂ ವಾಪಸ್ ತಗಂತೈತೆ’ ಎಂದಳು ಸುಜಾತ.

ಸಾಹುಕಾರರಿಗೆ ಹುಡುಕುವ ತಾಳ್ಮೆಯಿರಲಿಲ್ಲ. ದಸರಾ ಮುಗಿದರೆ ಹೊಸ ಶೇಂಗಾ ಬರುತ್ತದೆ, ದಿನಕ್ಕೆ ಇಷ್ಟು ಲಾರಿ ನಿಲ್ಲುತ್ತದೆ. ‘ತುಂಬೈತೆ ಅಂತೀರಿ, ಕೆಟ್ಟೈತೆ ಅಂತೀರಿ. ಬಸಣ್ಣ, ವಿಜಯದಶಮಿ ಬೆಳಿಗ್ಗೆ ಗುಜರಿ ಸಾಬರಿಗೆ ಬರಾಕೆ ಹೇಳೀನಿ. ಅಷ್ಟೊತ್ತಿಗೆ ಇದು ನೆಟ್ಟಗಾಗಿದ್ರೆ ಇರ್ಲಿ. ಇಲ್ಲಾಂದ್ರೆ ತೂಕಕ್ಕೆ ಹಾಕಿ ಕಳಿಸ್ರಿ’ ಎಂದು ನನಗೆ ಹೇಳಿದರು. ಸುಜಾತ ನನ್ನ ಮುಖ ನೋಡಿದಳು. ಯಂತ್ರ ಹೋದರೆ ಅವಳ ಕೆಲಸವೂ ಅದೇ ಗಾಡಿಯಲ್ಲಿ ಹೋಗುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಆ ಹುಡುಕಾಟಕ್ಕೆ ಒಂದು ಷರತ್ತು. ಅದು ನಡೆಯುವಾಗ ಯಂತ್ರದೊಳಗೆ ಇನ್ನೊಬ್ಬರು ಇರಕೂಡದು. ಎಲ್ಲರೂ ತಮ್ಮ ತಮ್ಮ ಪರದೆಯಿಂದ ಕೆಲಸ ಮುಗಿಸಿ ಹೊರಗೆ ಬಂದಿರಬೇಕು. ಎಷ್ಟು ಹೊತ್ತು ಹಿಡಿಯುತ್ತದೆ ಎಂದರೆ, ಅದು ಮುಗಿದಾಗ ಮುಗಿಯುತ್ತದೆ ಎಂದಳು. ಯಾವ ದಿನ ಮಿಲ್ಲಿನಲ್ಲಿ ಒಬ್ಬನೂ ಕೆಲಸ ಮುಟ್ಟುವುದಿಲ್ಲ? ನನ್ನ ತಲೆಗೆ ಆಗಲೇ ಹೊಳೆದದ್ದು ಆಯುಧಪೂಜೆ. ಆ ದಿನ ತಕ್ಕಡಿಗೂ ರಜೆ, ಗಾಣಕ್ಕೂ ರಜೆ, ಪೆನ್ನಿಗೂ ರಜೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಅವ್ವಾರ ಹತ್ತಿರ ಅಪ್ಪಣೆ ಕೇಳಲು ಹೋದೆ.

‘ಎಲ್ಲಾ ಆಯುಧ ಪೂಜೆಗೆ ಕುಂತಿರೋವಾಗ ಅದೊಂದಕ್ಕೆ ಕೆಲ್ಸ ಹಚ್ತೀಯೇನೋ?’ ಎಂದರು ಅವ್ವಾರು.

‘ಕೆಲ್ಸ ಅಲ್ಲ ಅವ್ವಾರೆ, ಅಭ್ಯಂಜನ. ಒಳಗಿನ ಕೊಳೆ ತೊಳ್ಕಣಾದು.’

‘ಅಭ್ಯಂಜನಕ್ಕೆ ಒಂದ್ ದಿನ ಬೇಕಾ? ನಮ್ ಸೊಸೆ ಕೂಡಾ ಅಷ್ಟೊತ್ತು ತಗಳಲ್ಲ.’

‘ಮೈ ದೊಡ್ಡದು ಅವ್ವಾರೆ.’

ಅವ್ವಾರು ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದರು. ‘ಸ್ನಾನಕ್ಕೆ ಇಳಿಸಿ ಆಮ್ಯಾಲೆ ಪೂಜೆ ಮಾಡ್ರಿ. ಪೂಜೆ ಆದ ಮ್ಯಾಲೆ ಮಾತ್ರ ಒಬ್ರೂ ಕೈ ಹಚ್ಚಬಾರ್ದು. ತಾನೇ ತೊಳ್ಕಂಡ್ರೆ ತೊಳ್ಕಳ್ಲಿ’ ಎಂದರು. ಪೂಜೆಯನ್ನು ಸಂಜೆಗೆ ಇಡಿಸಿಕೊಂಡು ಬಂದೆ. ವ್ಯವಹಾರದಲ್ಲಿ ನನ್ನಂಥವರಿಗೆ ನನ್ನ ಇನ್ನೊಂದು ಸಲಹೆ: ಯಜಮಾನರನ್ನು ಒಪ್ಪಿಸುವುದಕ್ಕೆ ಮೊದಲು ಅವರ ತಾಯಿಯನ್ನು ಒಪ್ಪಿಸಿ.

ಹಬ್ಬದ ಬೆಳಿಗ್ಗೆ ಸುಜಾತ ಎಲ್ಲರೂ ಹೊರಡಲಿ ಎಂದು ಯಂತ್ರಕ್ಕೆ ಹೇಳಿ ಕಾಯುತ್ತಾ ಕೂತಳು. ಚಳ್ಳಕೆರೆಯ ಪರದೆಗಳೆಲ್ಲ ಒಂದೊಂದಾಗಿ ಹೊರಬಂದವು. ಒಂದು ಮಾತ್ರ ಕದಲಲಿಲ್ಲ. ಮೊಳಕಾಲ್ಮೂರಿನ ಓಬಣ್ಣನದು. ಅಲ್ಲಿನ ಆಫೀಸಿನಲ್ಲಿ ನೇಕಾರರು ತಂದ ಸೀರೆಯನ್ನು ಪರದೆಯಲ್ಲಿ ದಾಖಲು ಮಾಡುವವನು ಅವನು. ಫೋನು ಮಾಡಿದರೆ ಗಂಟೆ ಹೊಡೆಯುತ್ತಲೇ ಇತ್ತು, ಎತ್ತುವವರಿಲ್ಲ. ‘ಕತ್ತು ಹಿಡಿದು ಹೊರಗೆ ತಳ್ಳಾಕೆ ಬರಲ್ವೇನವ್ವಾ?’ ಎಂದೆ. ‘ಬರ್ತೈತೆ ಸಾರ್. ಆದ್ರೆ ಅವ್ರು ಸೀರೆ ಬರೆಯೋ ನಡುವೆ ಬಿಟ್ಟು ಹೋಗಿದಾರೆ. ಆ ಪಟ್ಟಿ ಮೊದ್ಲೇ ಹುಷಾರಿಲ್ಲ. ಎಳೆದಾಡಿ ಮುರುದ್ರೆ, ಯಾವುದನ್ನ ಹುಡುಕ್ತೀವೋ ಅದನ್ನ ನಾವೇ ಮಾಡಿದಂಗೆ ಆಗ್ತೈತೆ’ ಎಂದಳು. ಅವಳು ಬೇಡ ಎಂದ ಮೇಲೆ ಬೇಡ. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಆಯುಧಪೂಜೆಯ ದಿನ ಬಸ್ಸಿನ ಪ್ರಯಾಣ ಒಂದು ಅನುಭವ. ಮುಂದಿನ ಗಾಜಿಗೆ ಚೆಂಡು ಹೂವಿನ ಹಾರ ಎಷ್ಟು ಬಿದ್ದಿತ್ತೆಂದರೆ, ಡ್ರೈವರು ಎರಡು ಹೂವಿನ ಸಂದಿಯಲ್ಲಿ ರಸ್ತೆ ಹುಡುಕುತ್ತಿದ್ದ. ಎರಡೂ ಬದಿಗೆ ಬಾಳೆ ಕಂದು ಕಟ್ಟಿದ್ದರಿಂದ ಎದುರು ಬಂದ ಲಾರಿಗಳ ಬಾಳೆ ಕಂದಿಗೂ ನಮ್ಮದಕ್ಕೂ ಆಗಾಗ ಆಲಿಂಗನವಾಗುತ್ತಿತ್ತು. ತಳಕು ದಾಟಿ, ಬಿ.ಜಿ. ಕೆರೆಯಲ್ಲಿ ಇನ್ನೊಂದು ಕುಂಬಳಕಾಯಿ ಒಡೆಸಿಕೊಂಡು, ಮೊಳಕಾಲ್ಮೂರು ಮುಟ್ಟುವ ಹೊತ್ತಿಗೆ ನನ್ನ ಅಂಗಿಯ ಮೇಲೆ ಯಾರದೋ ಕುಂಕುಮ ಹತ್ತಿತ್ತು. ಆಫೀಸಿಗೆ ಬೀಗ. ಕಿಟಕಿಯ ಸಂದಿಯಲ್ಲಿ ಇಣುಕಿದೆ. ಕತ್ತಲೆ ಕೋಣೆಯಲ್ಲಿ ಪರದೆಯೊಂದು ಹಸಿರಾಗಿ ಬೆಳಗುತ್ತಿತ್ತು. ಅದರ ತಲೆಗೆ ಮಲ್ಲಿಗೆ ಮಾಲೆ, ಹಣೆಗೆ ಕುಂಕುಮ, ಎದುರಿಗೆ ಎರಡು ಬಾಳೆಹಣ್ಣು. ಹೊರಗಿನಿಂದ ಕೈಮುಗಿಯುವ ಹಾಗಿತ್ತು. ಓಬಣ್ಣ ಹಬ್ಬಕ್ಕೆ ದೇವಸಮುದ್ರದ ಮನೆಗೆ ಹೋಗಿದ್ದಾನೆ, ಬೀಗದ ಕೈಯೂ ಅವನ ಜೊತೆಗೇ ಹೋಗಿದೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ಟೆಂಪೋ ಹಿಡಿದೆ.

ದೇವಸಮುದ್ರದಲ್ಲಿ ಓಬಣ್ಣ ಊಟ ಮುಗಿಸಿ ಜಗಲಿಯ ಮೇಲೆ ಕಾಲು ಚಾಚಿದ್ದ. ನನ್ನನ್ನು ಕಂಡು ಎದ್ದು ನಿಂತ. ಅವನ ತಾಯಿ ಒಳಗಿನಿಂದ ಬಂದು, ನಾನು ಯಾರು, ಯಾಕೆ ಬಂದೆ ಎನ್ನುವುದನ್ನು ಅರ್ಧ ಕೇಳುತ್ತಲೇ ತೆಲುಗಿನಲ್ಲಿ, ‘ಪಂಡಗ ಪೂಟ ಕೂಡಾ ಮನಿಷಿನಿ ವದಲರಾ?’ ಎಂದರು. ಹಬ್ಬದ ದಿನವೂ ಮನುಷ್ಯನನ್ನು ಬಿಡುವುದಿಲ್ಲವೇ ಎಂದು. ನಾನು ಕೇಳಿಸದವನಂತೆ ಓಬಣ್ಣನ ಕಡೆ ತಿರುಗಿದೆ.

‘ಏನಪ್ಪ ಓಬಣ್ಣ, ಪರದೆ ಹಂಗೇ ಬಿಟ್ಟು ಬಂದೀಯಲ್ಲ?’

‘ಬಿಟ್ಟು ಬಂದಿಲ್ರಿ, ಪೂಜೆಗೆ ಇಟ್ಟು ಬಂದೀನಿ. ಒಂದು ಸೀರೆ ಬರೆಯಾಕೆ ಹಿಡಿದು, ಅರ್ಧಕ್ಕೆ ನಿಲ್ಸಿ ಕುಂಕುಮ ಹಚ್ಚೀನಿ.’

‘ಅರ್ಧಕ್ಕೆ ಯಾಕಪ್ಪ?’

‘ಮಗ್ಗದ ಪೂಜೆ ಹಂಗೇ ಅಲ್ವೇನ್ರಿ? ಅರ್ಧ ನೇಯ್ದ ಸೀರೆ ಮಗ್ಗದ ಮ್ಯಾಲೆ ಇರುವಾಗ್ಲೇ ಪೂಜೆ ಮಾಡ್ತೀವಿ. ಖಾಲಿ ಮಗ್ಗಕ್ಕೆ ಪೂಜೆ ಮಾಡಿದ್ರೆ ವರ್ಷವೆಲ್ಲಾ ಖಾಲಿ ಅಂತಾರೆ. ಇದೂ ನನ್ ಮಗ್ಗಾನೇ ಅಲ್ವಾ? ನಾಳೆ ಬೆಳಿಗ್ಗೆ ಮುಂದುಕ್ಕೆ ಬರ್ಕಂತೀನಿ.’

ಇಡೀ ಜಿಲ್ಲೆಯಲ್ಲಿ ಆ ಕಂಪ್ಯೂಟರಿಗೆ ಇಷ್ಟು ಭಕ್ತಿಯಿಂದ ಪೂಜೆ ಮಾಡಿದವನು ಇವನೊಬ್ಬನೇ. ಆ ಪೂಜೆಯಿಂದಲೇ ಅದು ಗುಜರಿಗೆ ಹೋಗುವುದರಲ್ಲಿತ್ತು. ಸಾಹುಕಾರರ ಮಾತು, ಗುಜರಿ ಸಾಬರು, ಸುಜಾತಳ ಕೆಲಸ ಎಲ್ಲ ಹೇಳಿದೆ. ಓಬಣ್ಣನಿಗೆ ನೋವಾಯಿತು. ಆದರೂ, ‘ಪೂಜೆಗೆ ಕುಂತದ್ದನ್ನ ಇವತ್ತು ಹೆಂಗ್ರೀ ಮುಟ್ಟಾದು?’ ಎಂದು ಅಲ್ಲಿಗೇ ನಿಂತ. ಬೇಕಾದರೆ ಎರಡು ದಿನ ರಜೆ ಕೊಡುತ್ತೇನೆ ಎಂದೆ, ಹೊಸ ಕುರ್ಚಿ ಎಂದೆ. ಅವನು ತಲೆ ತಗ್ಗಿಸಿ ಬೇಡ ಎಂದ. ಚೌಕಾಸಿಯಲ್ಲಿ ಎದುರಿನವನು ಆಸೆಯಿಲ್ಲದವನಾದರೆ ನಮ್ಮ ವಿದ್ಯೆಯೆಲ್ಲ ದಂಡ.

ಇಷ್ಟು ಹೊತ್ತು ಕಂಬಕ್ಕೆ ಒರಗಿ ಕೇಳುತ್ತಿದ್ದ ಅವನ ತಾಯಿ, ‘ಅದರೊಳಗೆ ಏನಾಗೈತಪ್ಪ?’ ಎಂದು ಕನ್ನಡದಲ್ಲಿ ಕೇಳಿದರು.

‘ಒಳಗೆ ಎಲ್ಲೆಲ್ಲೋ ಮುರಿದೈತಮ್ಮ. ಎಲ್ಲಿ ಅಂತ ಹುಡುಕಬೇಕು.’

‘ಅಂದ್ರೆ ಎಳೆ ಕಡಿದೈತೆ ಅನ್ನು’ ಎಂದು ಅವರು ಮಗನ ಕಡೆ ತಿರುಗಿದರು. ‘ಲೇ, ನಿಮ್ಮಪ್ಪ ಹಬ್ಬದ ದಿನ ಮಗ್ಗಕ್ಕೆ ಕೂರ್ತಿರಲಿಲ್ಲ. ಆದ್ರೆ ಎಳೆ ಕಡಿದದ್ದು ಕಂಡ್ರೆ ಎದ್ದು ಹೋಗಿ ಗಂಟು ಹಾಕ್ತಿದ್ದ. ಅದು ಕೆಲ್ಸ ಅಲ್ಲ. ಕಡಿದ ಎಳೆ ಬಿಟ್ಟು ಪೂಜೆ ಮಾಡಿದ್ರೆ ಅದೆಂಥ ಪೂಜೆ? ಏಳು!’ ಓಬಣ್ಣ ಎದ್ದ. ನನಗೆ ಹೋಳಿಗೆ ಬಡಿಸದೆ ಆಕೆ ಇಬ್ಬರನ್ನೂ ಕಳಿಸಲಿಲ್ಲ. ಹೊಟ್ಟೆಯಲ್ಲಿ ಜಾಗವಿಲ್ಲ ಎಂದು ನಾನು ಹೇಳಲಿಲ್ಲ.

ಮೊಳಕಾಲ್ಮೂರಿನಲ್ಲಿ ಬೀಗ ತೆಗೆದ ಓಬಣ್ಣ ಮೊದಲು ಕರ್ಪೂರ ಹಚ್ಚಿದ. ಪೂಜೆ ಮುಗಿದ ಮೇಲೆ ಕಳಶ ಕದಲಿಸುವಂತೆ ಕೀಬೋರ್ಡನ್ನು ಒಂದಿಷ್ಟು ಉತ್ತರಕ್ಕೆ ಸರಿಸಿದ. ಕಣ್ಣಿಗೊತ್ತಿಕೊಂಡು, ಅರ್ಧ ಬರೆದ ಸೀರೆಯ ಅಂಚು, ಸೆರಗು, ಬಣ್ಣ ಪೂರ್ತಿ ಮಾಡಿ, ಹೊರಗೆ ಬರುವ ಗುಂಡಿ ಒತ್ತಿದ. ಪರದೆ ಖಾಲಿಯಾಯಿತು. ನಾನು ಚಳ್ಳಕೆರೆಗೆ ಫೋನು ಹಚ್ಚಿದೆ. ‘ಹೋದ್ರು ಸಾರ್, ಎಲ್ಲಾರೂ ಹೋದ್ರು. ಈಗ ನಾನೂ ಇದೂ ಇಬ್ರೇ’ ಎಂದಳು ಸುಜಾತ. ಅವಳ ದನಿಯಲ್ಲಿ ಹೆದರಿಕೆ ಇತ್ತೋ ಸಂತೋಷವಿತ್ತೋ, ಆ ಫೋನಿನ ಗೊರಗೊರದಲ್ಲಿ ತಿಳಿಯಲಿಲ್ಲ. ನಾನು ವಾಪಸು ಬರುವ ಹೊತ್ತಿಗೆ ಯಂತ್ರ ಸ್ನಾನಕ್ಕೆ ಇಳಿದಿತ್ತು. ಅವ್ವಾರು ಬಂದು ಅದಕ್ಕೆ ಆರತಿ ಎತ್ತಿದರು. ಒಳಗೆ ಕಟಕಟ ಸದ್ದಾದಾಗ, ‘ಚೆನ್ನಾಗಿ ಉಜ್ಕಂತೈತೆ’ ಎಂದು ಮೆಚ್ಚಿದರು.

ವಿಜಯದಶಮಿಯ ಬೆಳಿಗ್ಗೆ ಹೋದಾಗಲೂ ಪರದೆಯಲ್ಲಿ ಇನ್ನೂ ಹುಡುಕುತ್ತಿದ್ದೇನೆ ಎನ್ನುವ ಸಾಲೇ ಇತ್ತು. ಸುಜಾತ ಅದರ ಎದುರು ಕೂತಿದ್ದಳು, ಪರೀಕ್ಷೆ ಬರೆಯುವ ಮಗುವಿನ ತಾಯಿಯಂತೆ. ಸಾಹುಕಾರರು ಬಂದರು. ಹಿಂದೆಯೇ ಗುಜರಿಯ ಸಾಬರು ಬಂದರು. ಚಳ್ಳಕೆರೆಯಲ್ಲಿ ಹಳೆ ಕಬ್ಬಿಣ ಕೊಳ್ಳುವವರಲ್ಲಿ ಅವರಷ್ಟು ನಯವಾಗಿ ಮಾತಾಡುವವರಿಲ್ಲ. ಅವರ ಕೈಗೆ ಒಂದು ವಸ್ತು ಹೋಗುವಾಗ ಮಾರಿದವನೇ ಅವರಿಗೆ ಟೀ ಕುಡಿಸಿ ಕಳಿಸುತ್ತಾನೆ. ಅವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಬೆನ್ನು ತಟ್ಟಿದರು. ನನ್ನ ಕಣ್ಣೆದುರೇ, ನನ್ನ ಯಂತ್ರದ ಬೆನ್ನು!

‘ಖಾಲಿ ಡಬ್ಬಾ ಸಾಹುಕಾರ್ರೆ. ಹೊರಗೆ ತಗಡು, ಒಳಗೆ ಹವಾ. ತೂಕಕ್ಕೆ ತಗಂತೀನಿ’ ಎಂದು ಸಾಬರು ಒಂದು ಬೆಲೆ ಹೇಳಿದರು.

ಆ ಗಳಿಗೆಯಲ್ಲಿ ಬುದ್ಧಿವಂತನಾದವನು ಏನು ಮಾಡಬೇಕಿತ್ತು? ಸುಮ್ಮನಿರಬೇಕಿತ್ತು. ಬೆಲೆ ಅಷ್ಟು ಕಡಿಮೆಯಿದ್ದರೆ ಸಾಹುಕಾರರೇ ಬೇಡ ಎನ್ನುತ್ತಿದ್ದರು. ಆದರೆ ಕಡಿಮೆ ಬೆಲೆ ಕಿವಿಗೆ ಬಿದ್ದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ‘ಏನ್ರೀ ಸಾಬ್ರೆ, ಖಾಲಿ ಡಬ್ಬಾ ಅಂತೀರಾ? ಇದು ಎಂಥ ಮಾಲು ಗೊತ್ತೇನ್ರಿ? ಎರಡು ಊರಿನ ವ್ಯವಹಾರ ಹೊಟ್ಟೆಯಾಗೆ ಇಟ್ಕಂಡೈತೆ. ತನ್ನ ರೋಗ ತಾನೇ ಹುಡುಕ್ತೈತೆ. ನಿಮ್ಮ ಆಳು ಒಬ್ಬನಾದ್ರೂ ಹಂಗೆ ಮಾಡ್ತಾನೇನ್ರಿ?’ ಎಂದೆ. ಸಾಬರು ನಕ್ಕು ಸ್ವಲ್ಪ ಏರಿಸಿದರು. ನಾನು ಡಿಸ್ಕಿನ ಗುಣ ಹೇಳಿದೆ. ಅವರು ಏರಿಸಿದರು. ಟೇಪಿನ ಗುಣ ಹೇಳಿದೆ. ಮತ್ತೆ ಏರಿಸಿದರು. ಸುಜಾತ ಹಿಂದಿನಿಂದ ‘ಸಾರ್, ಸಾರ್’ ಎನ್ನುತ್ತಿದ್ದಳು, ನನಗೆ ಕೇಳಿಸಲಿಲ್ಲ. ‘ಒಂದೊಂದು ಡಿಸ್ಕಿಗೇ ನಿಮ್ಮ ಪೂರ್ತಿ ಬೆಲೆ ಆಗ್ತೈತೆ, ಇನ್ಸಾಫಾಗಿ, ನ್ಯಾಯವಾಗಿ ಹೇಳ್ರಿ’ ಎಂದು ಮೇಜು ಗುದ್ದಿ ನನ್ನದೇ ಒಂದು ಬೆಲೆ ಹೇಳಿದೆ. ಸಾಬರು ಗಡ್ಡ ನೀವಿಕೊಳ್ಳುತ್ತಾ ಲೆಕ್ಕ ಹಾಕತೊಡಗಿದರು. ತಿರುಗಿ ನೋಡಿದರೆ ಸಾಹುಕಾರರ ಕಣ್ಣು ಅರಳಿತ್ತು. ಅಷ್ಟು ಬರುವುದಾದರೆ ಕೊಟ್ಟುಬಿಡೋಣ ಎನ್ನುವ ಕಣ್ಣು ಅದು. ಮೂವತ್ತು ವರ್ಷ ಅದೇ ಕಣ್ಣನ್ನು ತರಿಸುವುದೇ ನನ್ನ ಉದ್ಯೋಗವಾಗಿತ್ತು. ಮೇಜು ಗುದ್ದಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

‘ಮುಗೀತು ಸಾರ್!’ ಎಂದು ಸುಜಾತ ಕೂಗಿದ್ದು ಆಗಲೇ. ಪರದೆಯ ಮೇಲೆ ಮಾಮೂಲಿ ಹಸಿರು ಸಾಲುಗಳು ಬಂದಿದ್ದವು. ಸೀರೆಯ ಪಟ್ಟಿಗೆ ಸೇರಿದ ಒಂದು ವಸ್ತು ಮುರಿದಿತ್ತಂತೆ, ಮೊದಲೇ ಟೇಪಿನಲ್ಲಿ ತೆಗೆದಿಟ್ಟಿದ್ದ ಅದರ ಒಳ್ಳೆಯ ಪ್ರತಿಯನ್ನು ಹಾಕಿದಳು. ಯಾರಿಗೂ ಸೇರದೆ ಅಲೆಯುತ್ತಿದ್ದ ವಸ್ತುಗಳನ್ನು ಯಂತ್ರ ತಾನೇ ಒಂದು ಬೇರೆ ಕೋಣೆಯಲ್ಲಿ ಕೂರಿಸಿತ್ತಂತೆ. ಜಾಗ ಹಿಂದಕ್ಕೆ ಸಿಕ್ಕು, ತೊಂಬತ್ತರ ಗೆರೆಯಿಂದ ಕೆಳಗೆ ಇಳಿದಿತ್ತು. ಸಾಹುಕಾರರು ಕೂತು ಮೊಳಕಾಲ್ಮೂರಿನ ಪಟ್ಟಿಯನ್ನು ಕೊನೆಯ ತನಕ ನೋಡಿದರು. ಕೊನೆಯಲ್ಲಿ ಓಬಣ್ಣನ ಹಬ್ಬದ ಸೀರೆ ಪೂರ್ತಿಯಾಗಿ ಕೂತಿತ್ತು. ‘ಬಸಣ್ಣ, ನೀನು ಹೇಳಿದ್ದು ಕೇಳಿದ್ರೆ ಇಂಥ ಮಾಲು ಮಾರಬಾರ್ದು ಕಣಪ್ಪ. ಇರ್ಲಿ ಬಿಡು’ ಎಂದರು. ಸುಜಾತ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಇದೆಲ್ಲ ಮೊದಲೇ ಯೋಚಿಸಿ ಮಾಡಿದ ತಂತ್ರವೆಂಬಂತೆ ಗಂಟಲು ಸರಿಮಾಡಿಕೊಂಡೆ.

ಅಲ್ಲಿಗೆ ಎಲ್ಲರೂ ಟೀ ಕುಡಿದು ಏಳಬಹುದಿತ್ತು. ಆದರೆ ಸುಜಾತಳಿಗೆ ಸುಳ್ಳು ಹೇಳಲು ಬರುವುದಿಲ್ಲ. ‘ಸಾರ್, ಈಗ ಇಳಿದೈತೆ. ಆದ್ರೆ ಹೊಸ ಶೇಂಗಾ ಬಂದ್ರೆ ಮತ್ತೆ ತುಂಬ್ತೈತೆ. ಇನ್ನೆರಡು ಡಿಸ್ಕು ಸಿಕ್ಕಿದ್ರೆ ನೆಮ್ಮದಿ’ ಎಂದಳು. ಸಾಬರು ಟೀ ಲೋಟ ಕೆಳಗಿಟ್ಟರು. ‘ಡಿಸ್ಕಾ? ನಮ್ ಗೋಡೌನ್‌ನಾಗೆ ಇದರ ತಮ್ಮ ಒಬ್ಬ ಕುಂತವ್ನೆ. ಬಳ್ಳಾರಿ ಕಡೆಯಿಂದ ಬಂದಿದ್ದು. ಇದೇ ಬಣ್ಣ, ಇದೇ ಸೈಜು’ ಎಂದರು. ಸುಜಾತ ಅದರ ನಂಬರು ಕೇಳಿದಳು, ಸಾಬರು ಅದರ ಬೆನ್ನಿನಿಂದ ಕಿತ್ತು ತಂದಿದ್ದ ಒಂದು ತಗಡಿನ ಚೀಟಿಯನ್ನು ಜೇಬಿನಿಂದ ತೆಗೆದರು, ಅದು ಇದಕ್ಕೆ ಸರಿಯಾಗಿ ಹೊಂದುತ್ತಿತ್ತು.

‘ಡಿಸ್ಕು ಸಮೇತ ಪೂರ್ತಿ ಪೆಟ್ಟಿಗೆ ಎಷ್ಟಕ್ಕೆ ಕೊಡ್ತೀರಿ?’ ಎಂದರು ಸಾಹುಕಾರರು.

‘ನಾನ್ಯಾಕೆ ಹೇಳ್ಲಿ ಸಾಹುಕಾರ್ರೆ? ಈಗ ತಾನೇ ಮ್ಯಾನೇಜರ್ ಸಾಹೇಬ್ರೇ ಮೇಜು ಗುದ್ದಿ ಹೇಳಿ ಮುಗಿಸಿದ್ರಲ್ಲ.’

ನಾನು ಎದ್ದು ನಿಂತೆ. ‘ಅರೆ, ಅದ್ಯಾಕ್ರೀ ಅಷ್ಟು? ಹೊರಗೆ ತಗಡು, ಒಳಗೆ ಹವಾ, ಬರೀ ಖಾಲಿ ಡಬ್ಬಾ’ ಎಂದೆ.

ಸಾಹುಕಾರರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ‘ಹಂಗಾರೆ ನಮ್ಮದೂ ಖಾಲಿ ಡಬ್ಬಾನೇ ಏನಪ್ಪ ಬಸಣ್ಣ?’ ಎಂದರು.

ಸುಜಾತ ಬೇಡ ಎಂಬಂತೆ ನನಗೆ ತಲೆ ಅಲ್ಲಾಡಿಸಿದಳು. ಯಂತ್ರ ಮಾತ್ರ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಸಾಬರು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದರು. ‘ಬೆಲೆ ಸರಿಯಾಗೈತ್ರಿ’ ಎಂದು ಕೂತೆ. ಅದರ ಜೊತೆಗೆ ಒಂದು ಕುರ್ಚಿಯಾದರೂ ಕೊಡಿ ಎಂದು ಮೆಲ್ಲಗೆ ಕೇಳಿ ನೋಡಿದೆ. ಕುರ್ಚಿಗೆ ಬೇರೆ ರೇಟು ಎಂದರು ಸಾಬರು.